ಏಳನೇ ಬೋರಿನಲ್ಲಿ ಇಳಿದ ರಾಡು

ಕೆರೂರ ಬಸ್‌ಸ್ಟ್ಯಾಂಡಿನಿಂದ ಸಂತೆ ಮೈದಾನದ ಕಡೆ ತಿರುಗುವಲ್ಲಿ ಮುದಕಪ್ಪನ ಪಂಪ್ ರಿಪೇರಿ ಅಂಗಡಿ ಇದೆ. ಅಂಗಡಿ ಇಟ್ಟು ಆರು ವರ್ಷವಾಯಿತು. ಅದಕ್ಕೆ ಮೊದಲು ಇಪ್ಪತ್ತೆಂಟು ವರ್ಷ ಅವನು ಬೋರ್‌ವೆಲ್ ಗಾಡಿಯ ಮೇಲೆ ಡ್ರಿಲ್ಲರ್ ಆಗಿದ್ದ. ಬಾದಾಮಿ, ಹುನಗುಂದ ತಾಲೂಕುಗಳಲ್ಲಿ ಅವನು ಬೋರ್ ಹಾಕದ ಊರು ಕಡಿಮೆ. ಮೇಲೆ ಹಾರಿ ಬರುವ ಪುಡಿಯ ಬಣ್ಣ ನೋಡಿ, ಹಿಡಿಕೆಯ ಮೇಲಿಟ್ಟ ಅಂಗೈಗೆ ತಾಗುವ ನಡುಕದಿಂದ, ಕೆಳಗೆ ಎಂಥ ಕಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಆ ಧೂಳೇ ಎದೆಗಿಳಿದು ಕೆಮ್ಮು ಬಿಡದಾದಾಗ ಬಾಗಲಕೋಟೆಯ ಡಾಕ್ಟರು ಇನ್ನು ಗಾಡಿ ಹತ್ತಬೇಡ ಎಂದರು. ಹತ್ತಲಿಲ್ಲ.

ನಾನು ಅಲ್ಲೇ ಸಮೀಪದ ಸಾಲೆಯಲ್ಲಿ ಮಾಸ್ತರ. ಸಂಜೆ ಅವನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತು ಪೇಪರ್ ಓದುವ ರೂಢಿ. ಈಗ ಹೇಳುವುದರಲ್ಲಿ ಹೆಚ್ಚಿನದು ಅವನ ಬಾಯಿಂದಲೇ ಕೇಳಿದ್ದು, ಸ್ವಲ್ಪ ಅವನ ಹೆಂಡತಿ ಶಾರವ್ವ ಹೇಳಿದ್ದು.

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ಗುರಲಿಂಗಪ್ಪ ಎಂಬ ಕಂತ್ರಾಟದಾರ ಬಾಗಲಕೋಟೆಯಿಂದ ಅಂಗಡಿಗೆ ಬಂದ. ಬಾದಾಮಿ ರಸ್ತೆಯಲ್ಲಿ ಗುಡ್ಡದ ಬುಡದಲ್ಲಿ ಹಳೆಯ ಕಾಲದ ಜೀವಿಗಳ ಗುರುತುಳ್ಳ ಕಲ್ಲುಗಳಿವೆಯಂತೆ, ಅದರ ಪಕ್ಕದಲ್ಲೇ ಮ್ಯೂಸಿಯಂ ಕಟ್ಟುತ್ತಾರಂತೆ. ಕಟ್ಟುವ ಮೊದಲು ನೆಲದ ಒಳಗೆ ಏನಿದೆ ಎಂದು ನೋಡಬೇಕು. ಹನ್ನೆರಡು ಕಡೆ ಮೂವತ್ತು ಮೀಟರ್ ಆಳಕ್ಕೆ ಬೋರ್ ಹಾಕಿ ಕಲ್ಲು ತೆಗೆಯಬೇಕು. ಅವನ ಡ್ರಿಲ್ಲರ್ ಕೈ ಮುರಿದುಕೊಂಡು ಮನೆ ಹಿಡಿದಿದ್ದ.

"ಇದರಾಗ ಧೂಳ ಇರೂದಿಲ್ಲ ಮುದಕಪ್ಪಣ್ಣ. ನೀರ ಬಿಟಗೋತ ಕೊರೀತೈತಿ ಮಷೀನು," ಎಂದ ಗುರಲಿಂಗಪ್ಪ. "ಎರಡು ತಿಂಗಳ ಕೆಲಸ."

ಶಾರವ್ವ ಒಳಗಿನಿಂದ ಬಂದು ಎರಡು ಸಲ ಕೇಳಿದಳು: "ಧೂಳ ಖರೆನ ಇರೂದಿಲ್ಲೇನ್ರಿ?" ಇಲ್ಲವೆಂದು ಅವನು ಎರಡು ಸಲ ಹೇಳಿದ. ಮುದಕಪ್ಪ ಮರುದಿನವೇ ಹೋದ. ಮಷೀನಿನ ಸದ್ದು ಕೇಳದೆ ಐದು ವರ್ಷವಾಗಿತ್ತು, ಆಸೆಯೂ ಇತ್ತು.

ಸರ್ವೆಯ ಜವಾಬ್ದಾರಿ ಹೊತ್ತವಳು ಗೀತಾಂಜಲಿ ಎಂಬ ಭೂವಿಜ್ಞಾನಿ. ಹುನಗುಂದದವಳು, ಮೂವತ್ತು ದಾಟಿರಲಿಲ್ಲ. ಮೊದಲು ಎರಡು ವರ್ಷ ಇಳಕಲ್ಲಿನ ಕೆಂಪು ಗ್ರಾನೈಟಿನ ಕ್ವಾರಿಗಳಲ್ಲಿ ಕೆಲಸ ಮಾಡಿದ್ದಳಂತೆ. ಮೊದಲ ದಿನ ಮುದಕಪ್ಪ ಅವಳನ್ನು ಕೇಳಿದ್ದು ಒಂದೇ ಪ್ರಶ್ನೆ.

"ಎಲುಬು ಎಲ್ಲಿ ಅದಾವ್ರಿ ಮೇಡಮ್ಮಾರ?"

"ಎಲುಬು ಇಲ್ರಿ ಕಾಕಾ. ಇದ ನೋಡ್ರಿ," ಎಂದು ಅವಳು ಒಂದು ಬಂಡೆಯ ಹತ್ತಿರ ಕರೆದೊಯ್ದಳು. ಬಂಡೆಯ ಮೈಮೇಲೆ ಸುತ್ತಿನೊಳಗೆ ಸುತ್ತು, ಪದರಿನ ಮೇಲೆ ಪದರು. "ಕಣ್ಣಿಗೆ ಕಾಣಲಾರದಷ್ಟ ಸಣ್ಣ ಜೀವ ಇದ್ದುವು. ಸಮುದ್ರದ ದಂಡ್ಯಾಗ ಒಂದರ ಮ್ಯಾಲ ಒಂದ ಪದರ ಕಟ್ಟಿ ಹೋಗ್ಯಾವ. ನೂರು ಕೋಟಿ ವರ್ಷಕ್ಕಿಂತ ಹಳೇದು."

ಸಮುದ್ರ ಇಲ್ಲಿ ಹೇಗೆ ಬಂತು ಎನ್ನುವುದಕ್ಕಿಂತ ಮುದಕಪ್ಪನಿಗೆ ತೊಡಕಾದದ್ದು ಬೇರೆ. ಈ ಕಲ್ಲು ಅವನಿಗೆ ಗೊತ್ತಿತ್ತು. ಡ್ರಿಲ್ಲರುಗಳು ಅದನ್ನು ಉಳ್ಳಾಗಡ್ಡಿ ಕಲ್ಲು ಅನ್ನುತ್ತಿದ್ದರು, ಹೆಚ್ಚಿದ ಈರುಳ್ಳಿಯ ಹಾಗೆ ಕಾಣುತ್ತದೆಂದು. ಈ ಕಲ್ಲು ಹತ್ತಿದರೆ ನೀರು ಸಿಗುವುದು ಕಷ್ಟ ಎಂದು ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಎಷ್ಟು ನೂರು ಅಡಿ ಅದನ್ನು ಪುಡಿ ಮಾಡಿ ಗಾಳಿಗೆ ತೂರಿದ್ದನೋ ಲೆಕ್ಕವಿಲ್ಲ. ಈಗ ಇದಕ್ಕೊಂದು ಕಟ್ಟಡ ಕಟ್ಟಿ ಜನರನ್ನು ಕರೆದು ತೋರಿಸುತ್ತಾರೆ ಎಂದರೆ, ತಾನು ಇಷ್ಟು ವರ್ಷ ಮಾಡಿದ್ದು ಏನು?

ಕೆಲಸವೂ ತಲೆಕೆಳಗಾಗಿತ್ತು. ಬೋರ್‌ವೆಲ್‌ನಲ್ಲಿ ಬೇಕಾದದ್ದು ತೂತು, ಕಲ್ಲು ಪುಡಿಯಾಗಿ ಹಾರಿಹೋದರೂ ನಡೆಯುತ್ತದೆ. ಇಲ್ಲಿ ಬೇಕಾದದ್ದು ಕಲ್ಲು. ರಾಡಿನ ತುದಿಯ ಟೊಳ್ಳು ಬಿಟ್ ಸುತ್ತ ಕೊರೆದು, ನಡುವಿನ ಕಲ್ಲನ್ನು ಮಣಿಕಟ್ಟಿನಷ್ಟು ದಪ್ಪದ ಕೋಲಿನ ಹಾಗೆ ಹಾಗೇ ಮೇಲೆ ತರಬೇಕು. ಅದಕ್ಕೆ ಕೋರ್ ಅನ್ನುತ್ತಾರೆ. ತಂದ ತುಂಡುಗಳನ್ನು ಸಾಲು ತಪ್ಪದಂತೆ ಪೆಟ್ಟಿಗೆಯಲ್ಲಿ ಜೋಡಿಸಿ ಆಳ ಬರೆಯಬೇಕು. ಕೊರೆಯುವಾಗ ಬಿಟ್ಟ ನೀರು ಕಲ್ಲಿನ ಹಿಟ್ಟು ಕಲಸಿಕೊಂಡು ಬೂದು ಬಣ್ಣವಾಗಿ ಬೋರಿನ ಬಾಯಿಗೆ ವಾಪಸು ಬರುತ್ತಿರಬೇಕು. ಮೊದಲ ದಿನ ಮುದಕಪ್ಪ ಹಳೆಯ ವೇಗದಲ್ಲಿ ಓಡಿಸಿದ. ಮೇಲೆ ಬಂದದ್ದು ಬರೀ ಜಲ್ಲಿ.

"ಸಾವಕಾಶರಿ ಕಾಕಾ. ನಮಗ ಅವಸರ ಇಲ್ಲ," ಎಂದಳು ಗೀತಾಂಜಲಿ.

ಇಪ್ಪತ್ತೆಂಟು ವರ್ಷದಲ್ಲಿ ಅವನಿಗೆ ನಿಧಾನ ಮಾಡು ಎಂದು ಹೇಳಿದವರು ಯಾರೂ ಇರಲಿಲ್ಲ. ಆದರೂ ಎರಡನೇ ಬೋರಿಗೆ ಕೈ ಪಳಗಿತು. ಆರನೆಯದು ಮುಗಿಯುವಾಗ ಮೀಟರುದ್ದದ ಕಲ್ಲಿನ ಕೋಲು ಒಡೆಯದೆ ಬರುತ್ತಿತ್ತು. ಮನೆಗೆ ಬಂದು ಶಾರವ್ವನಿಗೆ ಅದರ ಗೆರೆಗಳನ್ನು ಬೆರಳಲ್ಲಿ ಬರೆದು ತೋರಿಸುತ್ತಿದ್ದ.

ಏಳನೇ ಬೋರಿನ ದಿನ ಗೀತಾಂಜಲಿ ಮೀಟಿಂಗಿಗೆಂದು ಬಾಗಲಕೋಟೆಗೆ ಹೋಗಿದ್ದಳು. ಟ್ಯಾಂಕರ್ ಓಡಿಸುವ ಹಣಮೇಶ ನೀರಿನ ಪೈಪು ನೋಡುತ್ತಿದ್ದ. ಗುರಲಿಂಗಪ್ಪ ಗಿಡದ ನೆರಳಲ್ಲಿ ಫೋನಿನಲ್ಲಿದ್ದ. ಹದಿನಾಲ್ಕು ಮೀಟರಿಗೆ ಬಂದಾಗ ಮುದಕಪ್ಪ ರಾಡನ್ನು ಮಷೀನಿನ ಹಿಡಿತದಿಂದ ಬಿಡಿಸಿ, ಇನ್ನೂ ಮೇಲಿನಿಂದ ಮತ್ತೆ ಹಿಡಿಸಬೇಕಾಗಿತ್ತು. ಹಿಡಿಸಿದ. ಮಷೀನು ತಿರುಗಿತು. ಆಗ ರಾಡು ಒಮ್ಮೆಲೇ ಮೊಳದಷ್ಟು ಕೆಳಗಿಳಿಯಿತು. ಅಂಗೈಯಲ್ಲಿದ್ದ ನಡುಕ ಒಂದು ಗಳಿಗೆ ಸತ್ತೇಹೋಯಿತು, ಮತ್ತೆ ಬಂತು.

ಆಗಲೇ ನಿಲ್ಲಿಸಬೇಕಾಗಿತ್ತು. ಬೋರ್‌ವೆಲ್ ಗಾಡಿಯಲ್ಲಿ ರಾಡು ಹೀಗೆ ಇಳಿದರೆ ಕೆಳಗೆ ಸಂದಿ ಇದೆ, ನೀರು ಹತ್ತಿರ ಬಂತು ಎಂದು ಖುಷಿಪಟ್ಟು ಇನ್ನೂ ಜೋರಾಗಿ ಹೊಡೆಯುವುದು ರೂಢಿ. ಕೈ ಅದನ್ನೇ ಮಾಡಿತು. ಮತ್ತೊಂದು ಮೀಟರ್ ಓಡಿಸಿಬಿಟ್ಟ. ಬಾಯಿಗೆ ನೀರು ವಾಪಸು ಬರುವುದು ನಿಂತಿದೆ ಎಂದು ಹಣಮೇಶ ಕೂಗಿದಾಗಲೇ ಎಚ್ಚರ. ಅಷ್ಟರಲ್ಲಿ ಟ್ಯಾಂಕರಿನ ನೀರೆಲ್ಲ ಕೆಳಗೆ ಹೋಗಿತ್ತು. ರಾಡು ಎತ್ತಿ ನೋಡಿದರೆ ಚೂರುಚೂರು ಕಲ್ಲು, ಕೆಂಪು ಕೆಸರು. ಮೊಳದಷ್ಟು ಕಲ್ಲು ಕಡಿಮೆ ಇತ್ತು. ಅದು ಅಲ್ಲಿ ಇರಲೇ ಇಲ್ಲವೋ, ತನ್ನ ಅವಸರದಲ್ಲಿ ಅರೆದುಹೋಯಿತೋ ಹೇಳುವ ಹಾಗಿರಲಿಲ್ಲ.

ಗುರಲಿಂಗಪ್ಪ ಬಂದು ಮಷೀನು ನೋಡಿದ. ರಾಡನ್ನು ಕಚ್ಚಿ ಹಿಡಿಯುವ ಉಕ್ಕಿನ ಹಲ್ಲುಗಳು ಸವೆದಿದ್ದವು. ಅದು ನಿಜವೇ, ಮುದಕಪ್ಪನೇ ಎರಡು ದಿನದ ಹಿಂದೆ ಹೇಳಿದ್ದ.

"ಹಲ್ಲ ಜಾರ್ಯಾವಣ್ಣ. ನೀ ಹಿಡಿಸೂಮುಂದ ರಾಡ್ ಒಂದ ಮೊಳ ಎತ್ತಿ ಹಿಡಿಸಿರ್ತಿ. ಹಲ್ಲ ಬಿಟ್ಟಾವ, ರಾಡ್ ಬಿದ್ದೈತಿ. ಅಷ್ಟ."

"ನೀರ ಹೋತಲ್ಲ?"

"ಸಣ್ಣ ಬಿರುಕಿನ್ಯಾಗೂ ನೀರ ಹೋಗ್ತೈತಿ. ನಿನಗ ಗೊತ್ತಿಲ್ಲೇನು?"

ಗೊತ್ತಿತ್ತು. ಮುದಕಪ್ಪ ಅಲ್ಲೇ ನಿಂತು ನೆನಪು ಮಾಡಿಕೊಂಡ. ಹಿಡಿಸುವ ಮೊದಲು ರಾಡನ್ನು ಎತ್ತಿದ್ದೆನೇ? ಎತ್ತಿದ್ದರೆ ಗುರಲಿಂಗಪ್ಪ ಹೇಳುವುದು ಸರಿ. ಎತ್ತಿರದಿದ್ದರೆ ಕೆಳಗೆ ಪೊಳ್ಳು ಇದೆ. ದಿನಕ್ಕೆ ಮೂವತ್ತು ಸಲ ಮಾಡುವ ಕೆಲಸ. ಒಂದು ಸಲ ಹೇಗೆ ಮಾಡಿದೆ ಎಂದರೆ ಏನು ಹೇಳುವುದು? ಎತ್ತಿದೆ ಎಂದುಕೊಂಡರೆ ಎತ್ತಿದ ಹಾಗೇ ನೆನಪಾಗುತ್ತಿತ್ತು. ಇಲ್ಲ ಎಂದುಕೊಂಡರೆ ಹಾಗೂ ನೆನಪಾಗುತ್ತಿತ್ತು.

ದಿನದ ವರದಿಯಲ್ಲಿ ಡ್ರಿಲ್ಲರ್ ಸಹಿ ಮಾಡಬೇಕು. ಮಷೀನಿನ ದೋಷ ಎಂದು ಬರೆ ಎಂದ ಗುರಲಿಂಗಪ್ಪ. ಪೊಳ್ಳು ಎಂದು ಬರೆದರೆ ಕೆಲಸ ನಿಲ್ಲುತ್ತದೆ, ಜಾಗವೇ ಬದಲಾದರೂ ಆಯಿತು. ಇಲ್ಲದ ಪೊಳ್ಳಿಗೆ ಇಷ್ಟೆಲ್ಲ ಯಾಕೆ ಎನ್ನುವುದು ಅವನ ಮಾತು. ಅದರಲ್ಲಿ ಮೋಸ ಇರಲಿಲ್ಲ. ಅವನು ಹಾಗೆಂದೇ ನಂಬಿದ್ದ. ಮುದಕಪ್ಪ ಪೆನ್ನು ಹಿಡಿದು ಬಹಳ ಹೊತ್ತು ಕೂತ. ಕಡೆಗೆ ಬರೆದ: "14 ಮೀಟರಿಗೆ ರಾಡ್ ಮೊಳದಷ್ಟು ಇಳಿಯಿತು. ನೀರು ಹೋಯಿತು. ಯಾಕೆ ಅಂತ ನನಗೆ ತಿಳಿದಿಲ್ಲ."

ಗುರಲಿಂಗಪ್ಪ ಓದಿ ಹುಬ್ಬು ಗಂಟಿಕ್ಕಿದ. ಆದರೆ ಹರಿದು ಹಾಕಲಿಲ್ಲ.

ಮರುದಿನ ಗೀತಾಂಜಲಿ ಆ ಹಾಳೆಯನ್ನು ಎರಡು ಸಲ ಓದಿದಳು. ಈ ಕಲ್ಲಿನಲ್ಲಿ ಸುಣ್ಣದ ಅಂಶವಿದೆ, ಮಳೆಯ ನೀರು ಲಕ್ಷಗಟ್ಟಲೆ ವರ್ಷ ಇಳಿದರೆ ಕರಗಿ ಒಳಗೆ ಪೊಳ್ಳಾಗುತ್ತದೆ, ಅದರ ಮೇಲೆ ಕಂಬ ನಿಂತರೆ ಇಂದಲ್ಲ ನಾಳೆ ಕುಸಿಯಬಹುದು ಎಂದು ವಿವರಿಸಿದಳು. "ಇಳಕಲ್ ಗ್ರಾನೈಟ್ ಆಗಿದ್ರ ನಾ ಇಷ್ಟ ಚಿಂತಿ ಮಾಡ್ತಿರಲಿಲ್ರಿ," ಎಂದಳು. ಏಳನೇ ಬೋರಿಗೆ ಕ್ಯಾಮೆರಾ ಇಳಿಸಿದರು. ಹದಿಮೂರು ಮೀಟರಿನಲ್ಲೇ ಗೋಡೆ ಕುಸಿದು ಕಲ್ಲುಚೂರು ತುಂಬಿಕೊಂಡಿತ್ತು. ಹೊಸ ಹಲ್ಲು ಹಾಕಿಸಿ, ಎರಡು ಮೀಟರ್ ಪಕ್ಕಕ್ಕೆ ಇನ್ನೊಂದು ಬೋರ್ ಹಾಕಿದರು. ಮೂವತ್ತು ಮೀಟರ್ ತನಕ ಗಟ್ಟಿ ಕಲ್ಲು. ಇನ್ನೊಂದು ಬದಿಗೆ ಹಾಕಿದರು. ಅದೂ ಗಟ್ಟಿ. ಪೊಳ್ಳು ಇದೆಯೇ ಎಂದು ನೆಲದಲ್ಲಿ ಗೂಟ ಬಡಿದು ಕರೆಂಟ್ ಹಾಯಿಸಿ ನೋಡಿದರು. ಆ ಅಂಕಿಗಳು ಹೌದು ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

"ವಯಸ್ಸಾದ ಕೈ," ಎಂದು ಗುರಲಿಂಗಪ್ಪ ಹಣಮೇಶನಿಗೆ ಹೇಳುತ್ತಿದ್ದದ್ದು ಮುದಕಪ್ಪನ ಕಿವಿಗೆ ಬಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ಇದ್ದರೂ ಇರಬಹುದು ಅನ್ನಿಸಿತು. ಇಪ್ಪತ್ತೆಂಟು ವರ್ಷ ಈ ಅಂಗೈಯನ್ನು ನಂಬಿ ಜನ ಹೊಲದಲ್ಲಿ ಬೋರ್ ಹಾಕಿಸಿದ್ದರು. ಅದು ಯಾವಾಗಿನಿಂದ ತಪ್ಪು ಹೇಳತೊಡಗಿತು? ಆಗಲೂ ತಪ್ಪು ಹೇಳುತ್ತಿತ್ತೇ? ಊಟಕ್ಕೆ ಕೂತಾಗ ಬಲಗೈ ಬಿಚ್ಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದನೆಂದು ಶಾರವ್ವ ಹೇಳಿದಳು.

ಆ ಜಾಗಕ್ಕೆ ಹೊಂದಿಕೊಂಡೇ ಅಬ್ದುಲಸಾಬರ ಚಹಾದಂಗಡಿ. ಅಂಗಡಿಯ ಹಿಂದೆ ಅವರದೇ ಒಂದೂವರೆ ಎಕರೆ ಹೊಲ. ಹನ್ನೊಂದು ವರ್ಷದ ಹಿಂದೆ ಅಲ್ಲಿ ಬೋರ್ ಹಾಕಿದವನು ಮುದಕಪ್ಪನೇ. ಮುನ್ನೂರೈವತ್ತು ಅಡಿ ಹೋದರೂ ಧೂಳು ಬಿಟ್ಟು ಬೇರೇನೂ ಬಂದಿರಲಿಲ್ಲ. ಅಬ್ದುಲಸಾಬರು ಅದನ್ನು ಮನಸ್ಸಿಗೆ ಹಚ್ಚಿಕೊಂಡವರಲ್ಲ. ಸರ್ವೆಯವರಿಗೆ ದಿನಾ ಚಹಾ ಕಳಿಸುತ್ತಿದ್ದವರೂ ಅವರೇ.

ಏಳನೇ ಬೋರಾಗಿ ಎಂಟು ದಿನಕ್ಕೆ, ಮುಂಜಾನೆ, ಅವರು ತಾವೇ ಬಂದು ಮುದಕಪ್ಪನ ಕೈ ಹಿಡಿದು ಕರೆದೊಯ್ದರು. ತೆರೆದ ಬೋರುಗಳಿಗೆ ಗಟ್ಟಿ ಮುಚ್ಚಳ ಹಾಕಿರೆಂದು ಪಂಚಾಯ್ತಿಯವರು ಹೇಳಿದ್ದರಂತೆ. ಹಿಂದಿನ ದಿನ ಹಳೆಯ ತಗಡು ಸರಿಸಿದಾಗ ಒಂದು ಹರಳು ಒಳಗೆ ಬಿತ್ತಂತೆ.

"ಕೇಳು ನೀ," ಎಂದು ಅವರು ಇನ್ನೊಂದು ಹರಳು ಬಿಟ್ಟರು. ಡುಬುಕ್ ಎಂಬ ಸದ್ದು ಬಂತು. "ಹನ್ನೊಂದು ವರ್ಷ ಆತು ಮುದಕಪ್ಪಾ. ನಿನ್ನ ಬೋರ್ ಸುಳ್ಳಾಗಿರಲಿಲ್ಲ. ತಡಾ ಆಗಿತ್ತು ಅಷ್ಟ. ಲಿಂಬಿ ಸಸಿಗೆ ಹೇಳಿ ಬಂದೀನಿ, ನೂರು ಸಸಿ."

ಹಗ್ಗಕ್ಕೆ ಡಬ್ಬಿ ಕಟ್ಟಿ ಎತ್ತಿದ್ದ ನೀರು ಬೋಗುಣಿಯಲ್ಲಿತ್ತು. ಮುದಕಪ್ಪ ಅದರಲ್ಲಿ ಬೆರಳು ಅದ್ದಿದ. ಬೂದು ನೀರು. ಬೆರಳಿಗೆ ಬೆರಳು ತಿಕ್ಕಿದರೆ ಲೋಳೆಯ ಹಾಗೆ ಜಾರುತ್ತಿತ್ತು. ಕೊರೆಯುವಾಗ ಬಿಟ್ ಸಲೀಸಾಗಿ ತಿರುಗಲೆಂದು ಟ್ಯಾಂಕರಿನ ನೀರಿಗೆ ಅವರು ಒಂದು ಪುಡಿ ಕಲಸುತ್ತಿದ್ದರು. ಅದೇ ಜಾರು.

ಅವನಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಏಳನೇ ಬೋರಿನಲ್ಲಿ ಹೋದ ನೀರು ನೆಲದೊಳಗಿನ ಸಂದಿ ಹಿಡಿದು, ನಲವತ್ತು ಹೆಜ್ಜೆ ಆಚೆಗಿನ ಈ ಬೋರಿಗೆ ಬಂದು ಬಿದ್ದಿದೆ. ಎರಡೂ ಬದಿಯ ಬೋರುಗಳು ಆ ಸಂದಿಯನ್ನು ತಪ್ಪಿಸಿ ಹೋಗಿವೆ. ಅಂಗೈ ಸುಳ್ಳು ಹೇಳಿರಲಿಲ್ಲ. ಮೈ ಹಗುರಾಯಿತು. ಮರುಕ್ಷಣವೇ ತಲೆ ಎತ್ತಿದ. ಅಬ್ದುಲಸಾಬರು ಎರಡು ಕಪ್ ಚಹಾ, ಒಂದು ಪೇಡೆ ಹಿಡಿದು ನಿಂತಿದ್ದರು.

ಪೇಡೆ ತಿಂದ. ಚಹಾ ಕುಡಿದ. ಏನೂ ಹೇಳಲಿಲ್ಲ. ಆ ದಿನವೆಲ್ಲ ಹೇಳಲಿಲ್ಲ.

"ಯಾಕ ಹೇಳಲಿಲ್ಲ?" ಎಂದು ನಾನು ಕೇಳಿದ್ದೆ.

"ಏನಂತ ಹೇಳಲ್ರಿ ಮಾಸ್ತರ? ಅವರಿಗೆ ಕೆಟ್ಟ ಸುದ್ದಿ, ನನಗ ಚಲೋ ಸುದ್ದಿ. ಎರಡೂ ಒಂದ ಸುದ್ದಿ. ನನ್ನ ಮಾನ ಉಳಸ್ಕೊಳ್ಳಾಕ ಹೇಳಾಕತ್ತೀನಿ ಅಂತ ನನಗ ಅನಸ್ತು. ಹೇಳಲಿಲ್ಲ ಅಂದ್ರ ಬಿಲ್ಡಿಂಗ್ ಅಲ್ಲೇ ಏಳ್ತೈತಿ. ಏನೂ ತಿಳೀಲಿಲ್ಲ."

ಸಂಜೆ ಮನೆಯಲ್ಲಿ ಶಾರವ್ವನ ಮುಂದೆ ಬಾಯಿಬಿಟ್ಟ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಸಸಿ ಯಾವಾಗ ತರ್ತಾರಂತ್ರಿ?"

"ನಾಳಿ ಸಂಜಿಗೆ."

"ಹಂಗಾರ ನಾಳಿ ಮುಂಜಾನೆ ಹೇಳ್ರಿ. ಸಸಿ ಬಂದ ಮ್ಯಾಲ ಹೇಳಿದ್ರ ಅವರು ನಿಮ್ಮ ಮಾರಿ ನೋಡೂದಿಲ್ಲ."

ಮುಂಜಾನೆ ಮೊದಲ ಬಸ್ಸಿಗೆ ಹೋದ. ಅಬ್ದುಲಸಾಬರು ಒಲೆ ಹೊತ್ತಿಸುತ್ತಿದ್ದರು. ನಿಂತೇ ಹೇಳಿದ: "ಅದು ನಮ್ಮ ಟ್ಯಾಂಕರಿನ ನೀರ್ರಿ, ಸಾಬರ. ಮಷೀನಿಗೆ ಬಿಟ್ಟ ನೀರು. ಸಸಿ ತರಬ್ಯಾಡ್ರಿ."

ಅಬ್ದುಲಸಾಬರು ಒಲೆ ಬಿಟ್ಟು ಎದ್ದರು. ಸಿಟ್ಟಾದವರ ಮುಖವಲ್ಲ, ಲೆಕ್ಕ ತಪ್ಪಿದವರ ಮುಖ. "ಅವತ್ತ ನೀರಿಲ್ಲ ಅಂದಿ," ಎಂದರು. "ಇವತ್ತ ನೀರ ಬಂದೈತಿ, ಅದು ನೀರಲ್ಲ ಅಂತಿ. ನಾ ಯಾವುದು ನಂಬಲಿ?"

"ನಂಬಬ್ಯಾಡ್ರಿ. ಮೇಡಮ್ಮಾರ ಮುಂದ ನೋಡೂಣು."

ಗೀತಾಂಜಲಿ ಬಂದು ಸುದ್ದಿ ಕೇಳಿ, ಬೋಗುಣಿಯ ನೀರನ್ನು ತಾನೂ ಬೆರಳಿಗೆ ತಿಕ್ಕಿ ನೋಡಿದಳು. ಆಮೇಲೆ ಅಪಾಯವಿಲ್ಲದ ಹಸಿರು ಬಣ್ಣ ತರಿಸಿ, ಟ್ಯಾಂಕರಿನ ನೀರಿಗೆ ಕಲಸಿ, ಮಧ್ಯಾಹ್ನ ಏಳನೇ ಬೋರಿಗೆ ಸುರಿಸಿದಳು. ಕಲ್ಲುಚೂರು ತುಂಬಿದ್ದರೂ ನೀರು ಗಟಗಟನೆ ಇಳಿಯಿತು. ಮರುದಿನ ಮುಂಜಾನೆ ಎಲ್ಲರೂ ಚಹಾದಂಗಡಿಯ ಹಿಂದೆ ಸೇರಿದರು. ಹಗ್ಗ ಬಿಟ್ಟವರು ಅಬ್ದುಲಸಾಬರೇ. ಬೇರೆಯವರ ಕೈಗೆ ಕೊಡಲಿಲ್ಲ. ಡಬ್ಬಿ ಮೇಲೆ ಬಂತು. ಬಿಳಿ ಬೋಗುಣಿಗೆ ಸುರಿದರು. ನೀರು ಹಸಿರಾಗಿತ್ತು.

ಗುರಲಿಂಗಪ್ಪ ಬೋಗುಣಿಯ ಹತ್ತಿರ ಬಗ್ಗಿ ನೋಡಿ, ಎದ್ದು, ಮುದಕಪ್ಪನ ಭುಜ ಮುಟ್ಟಿದ. "ಹಲ್ಲೂ ಸವದಿದ್ದುವಣ್ಣ, ಅದೂ ಖರೆ," ಎಂದ. ಮುದಕಪ್ಪ ಹೌದೆಂದು ತಲೆಯಾಡಿಸಿದ. ಅಬ್ದುಲಸಾಬರು ಹಗ್ಗ ಸುತ್ತುತ್ತಿದ್ದರು. ಸುತ್ತಿ ಮುಗಿದ ಮೇಲೂ ಬಿಚ್ಚಿ ಮತ್ತೆ ಸುತ್ತಿದರು.

ಅಂದು ಮಧ್ಯಾಹ್ನ ಅವರು ಗೀತಾಂಜಲಿಯನ್ನು ಒಂದೇ ಮಾತು ಕೇಳಿದರು: ಆ ಸಂದಿಯಲ್ಲಿ ಮಳೆಗಾಲದಲ್ಲಾದರೂ ನೀರು ಬರುತ್ತದೆಯೇ? ಬರಬಹುದು, ಬಂದರೂ ನಿಲ್ಲುತ್ತದೋ ಹರಿದುಹೋಗುತ್ತದೋ ತನಗೂ ಗೊತ್ತಿಲ್ಲ ಎಂದಳು ಅವಳು. ಮ್ಯೂಸಿಯಂ ಚಾವಣಿಯ ಮಳೆನೀರನ್ನು ಆ ಬೋರಿಗೆ ತಿರುಗಿಸಬಹುದೆಂದು ವರದಿಯಲ್ಲಿ ಬರೆಯುತ್ತೇನೆ, ಮಾಡುವುದು ಬಿಡುವುದು ತನ್ನ ಕೈಯಲ್ಲಿಲ್ಲ ಎಂದೂ ಹೇಳಿದಳು. ಆ ಉತ್ತರ ಅವರಿಗೆ ಹಿಡಿಸಿತೋ ಇಲ್ಲವೋ. ಮೂರು ದಿನ ಸರ್ವೆಯವರಿಗೆ ಚಹಾ ಬರಲಿಲ್ಲ. ನಾಲ್ಕನೇ ದಿನ ಬಂತು. ಮುದಕಪ್ಪ ಅಂಗಡಿಗೆ ಹೋಗಿ ಕೂತ. ಇಬ್ಬರೂ ಬೋರಿನ ಮಾತೆತ್ತದೆ, ಉಳ್ಳಾಗಡ್ಡಿಯ ಪೇಟೆ ಬಗ್ಗೆ ಮಾತಾಡಿದರು.

ಕಟ್ಟಡದ ಜಾಗ ಎಪ್ಪತ್ತು ಮೀಟರ್ ಗುಡ್ಡದ ಕಡೆ ಸರಿಯಿತು. ಅಲ್ಲಿ ಹೊಸದಾಗಿ ಆರು ಬೋರ್ ಹಾಕಿದವನೂ ಮುದಕಪ್ಪನೇ. ಎಲ್ಲ ಗಟ್ಟಿ. ಆದರೆ ಆ ಎರಡು ತಿಂಗಳು ನಾಲ್ಕಾದವು, ಮತ್ತು ಪ್ರತಿ ಸಲ ರಾಡು ಹಿಡಿಸುವಾಗ "ಎತ್ತಿದೆ" ಅಥವಾ "ಎತ್ತಿಲ್ಲ" ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದನ್ನು ಅವನು ಕಲಿತ. ಹಣಮೇಶನಿಗೆ ಅದು ನಗೆಯಾಗಿತ್ತು.

ವರದಿ ಸಿದ್ಧವಾದಾಗ ಗೀತಾಂಜಲಿ ಒಂದು ಪ್ರತಿಯನ್ನು ಅವನಿಗೂ ಕೊಟ್ಟಳು. ಇಂಗ್ಲಿಷಿನಲ್ಲಿತ್ತು. ಅವನು ಬೆಂಚಿಗೆ ತಂದು ನನ್ನ ಕೈಗಿಟ್ಟ. ನೆಲವನ್ನು ಮೇಲಿಂದ ಕೆಳಕ್ಕೆ ಸೀಳಿದ ಹಾಗೆ ಒಂದು ಚಿತ್ರ, ಬಣ್ಣಬಣ್ಣದ ಪಟ್ಟಿಗಳು, ನಡುವೆ ಚುಕ್ಕಿ ಚುಕ್ಕಿಯಾಗಿ ಓರೆಯಾಗಿ ಹೋದ ಒಂದು ಗೆರೆ. ಅದರ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ.

"ಇದೇನ್ರಿ?" ಎಂದ.

"ನಿನ್ನ ಪೊಳ್ಳು. ಎಲ್ಲೀತನಕ ಹೋಗೇತಿ ತಿಳಿದಿಲ್ಲ ಅಂತ ಬರದಾರ."

ಅವನು ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದ. ಆ ಗೆರೆಯ ಮೇಲೆ ಬೆರಳಿಟ್ಟು, ಅಬ್ದುಲಸಾಬರ ಬೋರು ದಾಟಿ, ಕಾಗದದ ಅಂಚಿನವರೆಗೆ ಎಳೆದ. "ಇಲ್ಲೆ ರಸ್ತಾ ಬರ್ತೈತಿ," ಎಂದ. "ಅದರಾಚೆ ಅಲ್ಲಿನ ಊರ ಸಾಲಿ ಐತಿ. ಅಲ್ಲಿತನಕ ಹೋಗಿದ್ರ?"

ಮೇಡಮ್ಮಾರಿಗೆ ಫೋನ್ ಮಾಡಿ ಕೇಳು ಎಂದೆ. ಅವನು ಕೈ ಒರೆಸಿಕೊಂಡು ಫೋನ್ ಹಚ್ಚಿದ. ಆಚೆಯಿಂದ ಅವಳು ಬಹಳ ಹೊತ್ತು ಮಾತಾಡಿದಳು. ಅವನು ಬರೀ ಹೂಂ, ಹೂಂ ಎನ್ನುತ್ತಿದ್ದ. ಫೋನ್ ಇಟ್ಟು ಹೇಳಿದ: "ಮುಂದಿನ ತಿಂಗಳ ಬರ್ತಾರಂತ್ರಿ. ಸಾಲಿ ಹತ್ರ ಎರಡು ಬೋರ್ ಹಾಕಿ ನೋಡೂಣು ಅಂದ್ರು. ನನ್ನ ಕರದಾರ."